ಸೀಟಿನ ಮೇಲಿಟ್ಟ ಪುಸ್ತಕ

ನಾನು ಪುಸ್ತಕ ಹಿಡಿದದ್ದು ಜ್ಞಾನಕ್ಕಲ್ಲ, ಸೀಟಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ನನ್ನನ್ನು ದೊಡ್ಡ ಓದುಗಾರ್ತಿ ಎಂದುಕೊಳ್ಳಬಾರದು.

ನನ್ನೂರು ಬೂದಿಕೋಟೆ. ಬೆಳಗಿನ ಮೊದಲ ಬಸ್ಸಿಗೆ ಬಂಗಾರಪೇಟೆಗೆ ಬಂದು, ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಬೆಂಗಳೂರಿಗೆ ಹೋಗುವವಳು ನಾನು. ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸ. ಸೀರೆ ಬಿಚ್ಚಬೇಕು, ಸೆರಗು ತೋರಿಸಬೇಕು, ಮಡಿಸಬೇಕು, ಮತ್ತೆ ಬಿಚ್ಚಬೇಕು. ಅಷ್ಟೂ ನಿಂತುಕೊಂಡೇ. ಗಿರಾಕಿಗಳಿಗೆ ಕುರ್ಚಿ ಇದೆ, ಅವರ ಮಕ್ಕಳಿಗೂ ಕುರ್ಚಿ ಇದೆ, ಅವರ ಬ್ಯಾಗು ಇಡಲಿಕ್ಕೂ ಒಂದು ಸ್ಟೂಲು ಕೊಡುತ್ತಾರೆ. ನಮಗೆ ಕೂರುವ ಪದ್ಧತಿ ಇಲ್ಲ. ಇಡೀ ದಿನದಲ್ಲಿ ನಾನು ಕೂರುವುದು ರೈಲಿನಲ್ಲಿ ಮಾತ್ರ, ಅದೂ ಸೀಟು ಸಿಕ್ಕರೆ.

ಬಂಗಾರಪೇಟೆಯಲ್ಲಿ ಹತ್ತುವವರಿಗೆ ಸೀಟು ಎಲ್ಲಿಂದ ಬರಬೇಕು? ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ ಸ್ಟೇಷನ್ನುಗಳವರು ಖಾಲಿ ಗಾಡಿ ಹತ್ತಿ ಆರಾಮಾಗಿ ಕೂತಿರುತ್ತಾರೆ. ಕೂತಿದ್ದು ಸಾಲದು ಅಂತ ಮುಂದೆ ಹತ್ತುವ ತಮ್ಮವರಿಗೂ ಹಿಡಿದಿಟ್ಟಿರುತ್ತಾರೆ. ಒಬ್ಬರು ಟವೆಲ್ ಹಾಸುತ್ತಾರೆ, ಒಬ್ಬರು ಊಟದ ಬ್ಯಾಗು ಇಡುತ್ತಾರೆ, ಇನ್ನೊಬ್ಬಳು ಮಹಾತಾಯಿ ಒಂದು ಕಾಲಿನ ಚಪ್ಪಲಿ ಬಿಟ್ಟು ಸೀಟು ಹಿಡಿದದ್ದನ್ನು ನಾನೇ ನೋಡಿದ್ದೇನೆ. ಇಂದ್ರಾಣಿ ಅಕ್ಕ ಮಾತ್ರ ಪುಸ್ತಕ ಇಟ್ಟು ಹಿಡಿಯುತ್ತಿದ್ದಳು.

ಹೆಂಗಸರ ಬೋಗಿಯಲ್ಲಿ ಬಾಗಿಲಿನ ಪಕ್ಕದ ಎದುರುಬದುರು ಸೀಟುಗಳೆಲ್ಲ ಅವಳ ಸಾಮ್ರಾಜ್ಯ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿ ಕಂಬಿ ಹಿಡಿದು ತೂಗಾಡುತ್ತ ನಿಂತಿದ್ದೆ. ಅವಳು ಕನ್ನಡಕದ ಮೇಲಿಂದ ನೋಡಿ, "ಏನ್ ಮಾ, ನಿಂಗೆ ಓದಕ್ಕೆ ಬತ್ತದಾ?" ಅಂದಳು.

"ಬತ್ತದಕ್ಕಾ. ಪಿಯುಸಿ ಮಾಡಿದೀನಿ."

"ಪಿಯುಸಿ ಕೇಳ್ಲಿಲ್ಲ. ಓದಕ್ಕೆ ಬತ್ತದಾ ಅಂತ ಕೇಳ್ದೆ. ಅದನ್ನ ಎತ್ಕೊಂಡು ಕೂತ್ಕೋ."

ಸೀಟಿನ ಮೇಲೆ ಒಂದು ಕಾದಂಬರಿ ಇತ್ತು. ಎತ್ತಿಕೊಂಡೆ, ಕೂತೆ. ಆ ಬೋಗಿಯ ಕಾನೂನು ಅಷ್ಟೇ. ನಿಮ್ಮ ಸೀಟಿನ ಮೇಲೆ ಯಾವ ಪುಸ್ತಕ ಇರುತ್ತದೋ ಅದನ್ನು ನೀವು ಇಳಿಯುವ ತನಕ ಓದಬೇಕು. ಮೊಬೈಲ್ ತೆಗೆದರೆ ನಾಳೆ ಸೀಟಿಲ್ಲ. ಇಳಿಯುವಾಗ ಪುಸ್ತಕ ವಾಪಸು. ನಾಳೆ ಮತ್ತೆ ಅದೇ ಪುಸ್ತಕ ಅದೇ ಸೀಟಿನ ಮೇಲೆ ಕಾದಿರುತ್ತದೆ. ಮುಗಿಯಿತು ಅಂದರೆ ಮುಂದಿನದು ಯಾವುದು ಅಂತ ನೀವು ಕೇಳುವಂತಿಲ್ಲ, ಅದನ್ನು ಅಕ್ಕ ಆರಿಸುತ್ತಾಳೆ. ಮಾರನೆಯ ದಿನ ಗಾಡಿ ಹತ್ತಿದಾಗ ಸೀಟು ನೋಡಿದರೆ ಗೊತ್ತಾಗುತ್ತದೆ.

ನನಗೆ ಮೊದಲು ಸಿಕ್ಕಿದ್ದು ಹೈವೇ ಪಕ್ಕ ಲಾರಿ ಡ್ರೈವರುಗಳಿಗೆ ಊಟದ ಮೆಸ್ ಇಟ್ಟ ಹೆಂಗಸೊಬ್ಬಳ ಕತೆ. ಕೊನೆಗೆ ಅವಳು ಮೆಸ್ಸಿಗೆ ಬೀಗ ಹಾಕುವಾಗ ನಾನು ಮೂಗು ಸುರಿಸಿಕೊಂಡು ಅತ್ತೆ. ಮಾರನೆಯ ದಿನ ನೋಡಿದರೆ, ಹಳ್ಳಿಗಳಲ್ಲಿ ಗೇಣಿ ಜಮೀನು ಯಾರಿಂದ ಯಾರಿಗೆ ಹೋಯಿತು ಎನ್ನುವ ಪುಸ್ತಕ. ಟೇಕಲ್ ಬರುವಷ್ಟರಲ್ಲಿ ತೂಕಡಿಕೆ, ಮಾಲೂರಿನಲ್ಲಿ ಪುಸ್ತಕ ಕಾಲ ಮೇಲೆ ಬಿತ್ತು. ಅದಾದ ಮೇಲೆ ಮತ್ತೆ ಕಾದಂಬರಿ, ಆಮೇಲೆ ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದವರದು. ಹೀಗೆ ಒಂದು ಬಿಟ್ಟು ಒಂದು. ಅಕ್ಕನ ಭಾಷೆಯಲ್ಲಿ ಒಂದು ಕತೆ, ಒಂದು ನಿಜ.

"ಬರೀ ಕತೆ ಕೊಡ್ಬಾರ್ದಾ ಅಕ್ಕಾ?" ಅಂತ ಒಮ್ಮೆ ಗೋಗರೆದೆ.

"ಕತೆ ಓದಿದ್ರೆ ಅಳು ಬತ್ತದೆ. ಅಳು ಏನಕ್ಕೆ ಬಂತು ಅನ್ನೋದು ನಿಜದ ಬುಕ್ಕಲ್ಲಿ ಇರ್ತದೆ. ಎರಡೂ ಓದ್ಬೇಕು ಮಾ. ಸುಮ್ನೆ ಓದು."

ಇಂದ್ರಾಣಿ ಅಕ್ಕನ ಮನೆ ಉರಿಗಾಂನಲ್ಲಿ, ಗಣಿ ಕೆಲಸಗಾರರಿಗೆ ಕಟ್ಟಿದ್ದ ಹಳೆಯ ಲೈನಿನಲ್ಲಿ. ಅಪ್ಪ ಚಿನ್ನದ ಗಣಿಯೊಳಗೆ ಇಳಿಯುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಲೈನಿನ ಕೆಲಸಗಾರರು ನಡೆಸುತ್ತಿದ್ದ ಓದುವ ಕೋಣೆಯನ್ನೂ ಖಾಲಿ ಮಾಡಿದರಂತೆ. ತಮಿಳು ಪುಸ್ತಕಗಳನ್ನು ಅವರಿವರು ಎತ್ತಿಕೊಂಡು ಹೋದರು. ಕನ್ನಡದ್ದು ಯಾರಿಗೂ ಬೇಡವಾಗಿ ಮೂಟೆಯಲ್ಲಿ ಬಿದ್ದಿತ್ತು. ಇವಳು ಓದಿದ್ದು ಕನ್ನಡ ಶಾಲೆಯಲ್ಲಿ. ಅಪ್ಪನೂ ಮಗಳೂ ಮೂಟೆಯನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಮನೆಗೆ ತಂದರು. ಅವಳ ಅಪ್ಪನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಗಳು ಓದಿ ತಮಿಳಿನಲ್ಲಿ ಹೇಳಬೇಕು, ಅವರು ಕೆಮ್ಮುತ್ತ ಕೇಳಬೇಕು. ಅವರು ಹೋದ ಮೇಲೆ ಹೇಳಲಿಕ್ಕೆ ಮನೆಯಲ್ಲಿ ಯಾರೂ ಉಳಿಯಲಿಲ್ಲ, ರೈಲಿನಲ್ಲಿ ನಾವು ಸಿಕ್ಕಿಕೊಂಡೆವು. ಕಂಟೋನ್ಮೆಂಟ್ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡುವ ಕೆಲಸ ಅವಳದು. ಬೆರಳುಗಳೆಲ್ಲ ಸೋಪಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಹಾಳೆ ತಿರುಗಿಸುವ ಮೊದಲು ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುವುದು ಅವಳ ಅಭ್ಯಾಸ.

ಮುಖ ನೋಡಿ ಪುಸ್ತಕ ಆರಿಸುವುದರಲ್ಲಿ ಅವಳು ಎಡವಿದ್ದನ್ನು ನಾನು ನೋಡಿರಲಿಲ್ಲ. ಗಂಡನ ಜೊತೆ ಮಾತು ಬಿಟ್ಟವಳಿಗೆ ನಗಿಸುವ ಕಾದಂಬರಿ; ಪಂಚಾಯಿತಿ ಚುನಾವಣೆಗೆ ನಿಲ್ಲಬೇಕೆಂದು ಹಾರಾಡುತ್ತಿದ್ದವಳಿಗೆ, ಗೆದ್ದ ಹೆಂಗಸರ ಕುರ್ಚಿಯಲ್ಲಿ ಗಂಡಂದಿರು ಹೇಗೆ ಕೂರುತ್ತಾರೆ ಎನ್ನುವ ಪುಸ್ತಕ. ಅವಳ ಗತ್ತು ನೋಡಿ ನನಗೆ ಒಳಗೊಳಗೆ ಉರಿಯುತ್ತಿತ್ತು. ಆದರೂ ಅವಳ ಆಯ್ಕೆ ಸರಿಯಾಗಿಯೇ ಇರುತ್ತಿತ್ತು, ಅದೇ ಇನ್ನೂ ಉರಿ.

ಒಬ್ಬಳಿಗೆ ಮಾತ್ರ ಅಕ್ಕ ಯಾವತ್ತೂ ನಿಜದ ಪುಸ್ತಕ ಕೊಡುತ್ತಿರಲಿಲ್ಲ. ಅವಳು ಶಶಿರೇಖ. ಬಂಗಾರಪೇಟೆಯಲ್ಲಿ ನನ್ನ ಜೊತೆ ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿಯುತ್ತಿದ್ದವಳು. ಅಲ್ಲಿನ ಒಂದು ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿಯುವ ಕೆಲಸ. ಗಂಡ ಬಾಲಾಜಿಗೆ ಗಾರೆ ಕೆಲಸ, ಸಿಕ್ಕ ದಿನ ಉಂಟು, ಸಿಗದ ದಿನ ಇಲ್ಲ. ಹೈಸ್ಕೂಲಿಗೆ ಹೋಗುವ ಮಗಳು ಲಿಖಿತ. ಮನೆ ನಡೆಯುತ್ತಿದ್ದದ್ದು ಶಶಿರೇಖಳ ಸಂಬಳದಲ್ಲಿ. ಮಾತು ಕಡಿಮೆ. ಯಾರಾದರೂ ಕಾಲು ತುಳಿದರೆ ತಾನೇ "ಸಾರಿ ಅಕ್ಕಾ" ಅನ್ನುವಂಥವಳು.

"ಅವಳಿಗೇನಕ್ಕೆ ಬರೀ ಕತೆ? ನಾವೇನ್ ಪಾಪ ಮಾಡಿದೀವಿ?" ಅಂತ ನಾನು ಜಗಳ ತೆಗೆದಿದ್ದೆ.

"ಅದು ಪಾಪದ್ದು ಮಾ. ಅದರ ಕೈಲಿ ಏನೂ ಆಗಲ್ಲ. ಕತೆ ಓದ್ಕೊಂಡು ಅಂಗೇ ನಗ್ತಾ ಇರ್ಲಿ ಬುಡು," ಅಂದಿದ್ದಳು ಅಕ್ಕ.

ಶಶಿರೇಖ ಕೂರುತ್ತಿದ್ದದ್ದು ಬಾಗಿಲಿಗೆ ತಾಗಿದ ಮೂಲೆಯ ಸೀಟಿನಲ್ಲಿ. ಹತ್ತುವವರೆಲ್ಲ ಮೊದಲು ನುಗ್ಗುವುದು ಅದಕ್ಕೇ. ತೆಳ್ಳಗಿನ ಕಾದಂಬರಿ ಇಟ್ಟರೆ ಪಕ್ಕಕ್ಕೆ ತಳ್ಳಿ ಕೂತುಬಿಡುತ್ತಾರೆ. ಅದಕ್ಕೇ ಅಕ್ಕ ಆ ಸೀಟಿಗೆ ದಿನವೂ ಒಂದು ದಪ್ಪ ಪುಸ್ತಕ ಇಡುತ್ತಿದ್ದಳು. ಕಂದು ಕಾಗದದ ರಟ್ಟು ಹಾಕಿದ ಇಟ್ಟಿಗೆಯಂಥ ಪುಸ್ತಕ. ಕೆಲಸಗಾರರ ಪರ ಕೇಸು ನಡೆಸಿದ ವಕೀಲರೊಬ್ಬರು ಕಾರ್ಮಿಕ ಕಾನೂನು, ಸಂಘ, ಮುಷ್ಕರಗಳ ಬಗ್ಗೆ ಬರೆದದ್ದು. "ಕೋರ್ಟಿನ ಬುಕ್ ಅಂತ ಎದ್ರಿ ಯಾರೂ ಮುಟ್ಟಲ್ಲ," ಅಂತ ಅಕ್ಕ ನಗುತ್ತಿದ್ದಳು. ಶಶಿರೇಖ ಬಂದ ಕೂಡಲೇ ಅದನ್ನು ಎತ್ತಿ ಚೀಲಕ್ಕೆ ಹಾಕಿ, ಅವಳ ಕೈಗೆ ಕತೆಯ ಪುಸ್ತಕ ಕೊಡುವುದು ದಿನದ ರೂಢಿ.

ಕಳೆದ ವರ್ಷ ಮಾವಿನಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ ಅಕ್ಕ ಜಗಳದಲ್ಲಿದ್ದಳು. ಕೋರಮಂಡಲದಲ್ಲಿ ಹತ್ತಿದ ಹೆಂಗಸೊಬ್ಬಳು ಮಾವಿನಕಾಯಿ ಚೀಲವನ್ನು ಎರಡು ಪುಸ್ತಕಗಳ ಮೇಲೆ ಇಟ್ಟುಬಿಟ್ಟಿದ್ದಳು, ಸೊನೆ ಹತ್ತಿತ್ತು. ಅಕ್ಕ ತಮಿಳಿನಲ್ಲಿ, ಅವಳು ತೆಲುಗಿನಲ್ಲಿ, ಇಬ್ಬರೂ ನಡುನಡುವೆ ಕನ್ನಡದಲ್ಲಿ. ಗಾಡಿ ಬಂಗಾರಪೇಟೆಗೆ ಬಂದದ್ದೇ ಅಕ್ಕನಿಗೆ ಗೊತ್ತಾಗಲಿಲ್ಲ. ಶಶಿರೇಖ ಹತ್ತಿದಳು, ಸೀಟಿನ ಮೇಲಿದ್ದ ದಪ್ಪ ಪುಸ್ತಕವನ್ನು ಅಕ್ಕ ತೆಗೆಯದ್ದು ನೋಡಿ ಇವತ್ತು ತನಗೆ ಅದೇ ಅಂದುಕೊಂಡು ಎತ್ತಿಕೊಂಡಳು, ಕೂತು ತೆರೆದಳು. ಬೋಗಿಯ ಕಾನೂನು ಅದೇ ತಾನೇ. ಸೀಟಿನ ಮೇಲೆ ಇದ್ದದ್ದು ನಿಮ್ಮದು.

ಜಗಳ ಮುಗಿಸಿ ಅಕ್ಕ ಇತ್ತ ತಿರುಗುವಷ್ಟರಲ್ಲಿ ಮಾಲೂರು ದಾಟಿತ್ತು. ಶಶಿರೇಖ ತಲೆ ಎತ್ತಿ, "ಅಕ್ಕಾ, ಇದರಲ್ಲಿ ನಮ್ ಫ್ಯಾಕ್ಟ್ರಿ ವಿಷ್ಯ ಬರ್ದವ್ರೆ. ಅವ್ರಿಗೆಂಗ್ ಗೊತ್ತಾಯ್ತು?" ಅಂದಳು. ಮುಖ ಕೆಂಪಾಗಿತ್ತು.

ಅಕ್ಕ ನನ್ನ ಕಡೆ ನೋಡಿದಳು. "ಓದ್ಲಿ ಬುಡು. ನಾಳೆ ಬ್ಯಾಡ ಅಂತ ಅದೇ ವಾಪಸ್ ಕೊಡ್ತದೆ," ಅಂತ ನನ್ನ ಕಿವಿಯಲ್ಲಿ ಹೇಳಿದಳು.

ವಾಪಸು ಕೊಡಲಿಲ್ಲ. ಮಾರನೆಯ ದಿನ ಮನೆಗೇ ಒಯ್ಯುತ್ತೇನೆ ಅಂದಳು. ಅದು ಬೋಗಿಯ ಕಾನೂನಿಗೆ ವಿರುದ್ಧ, ಆದರೂ ಅಕ್ಕ ಒಪ್ಪಿದಳು. ಅವಳಿಗೆ ಒಳಗೆ ಸ್ವಲ್ಪ ಹೆಮ್ಮೆಯಾಗಿತ್ತು ಅಂತ ನನ್ನ ಲೆಕ್ಕ.

ಶಶಿರೇಖಳ ಫ್ಯಾಕ್ಟರಿಯಲ್ಲಿ ಟೋಕನ್ ಅಂತ ಒಂದಿತ್ತು. ಒಂದು ಸಾಲಿನ ಮಿಷಿನ್‌ಗಳಿಗೆಲ್ಲ ಸೇರಿ ಒಂದೇ ಪ್ಲಾಸ್ಟಿಕ್ ಬಿಲ್ಲೆ. ಬಾತ್‌ರೂಮಿಗೆ ಹೋಗುವವಳು ಅದನ್ನು ಕತ್ತಿಗೆ ಹಾಕಿಕೊಂಡು ಹೋಗಬೇಕು. ಅವಳು ಬರುವ ತನಕ ಇನ್ನೊಬ್ಬಳು ಏಳುವಂತಿಲ್ಲ. ಬಿಲ್ಲೆಗೆ ಕಾಯುತ್ತ ಕಾಯುತ್ತ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಶಶಿರೇಖಳಿಗೆ ಉರಿಮೂತ್ರದ ತೊಂದರೆ ಇತ್ತು. ಇದನ್ನೆಲ್ಲ ಅವಳು ನಮಗೆ ಯಾವತ್ತೂ ಹೇಳಿರಲಿಲ್ಲ. ಇಷ್ಟು ದಿನ ಎದುರಿಗೇ ಕೂತು ಕತೆ ಓದಿ ನಗುತ್ತಿದ್ದಳಲ್ಲ, ನಾವು ಅದನ್ನೇ ನಂಬಿದ್ದೆವು.

ಪುಸ್ತಕದಲ್ಲಿ ಅವಳು ಟೋಕನ್ನಿನ ಕಾನೂನು ಹುಡುಕಿದಳು. ಸಿಗಲಿಲ್ಲ. ಮೊದಲಿಂದ ಮತ್ತೆ ಹುಡುಕಿದಳು. "ಅಂತ ಕಾನೂನೇ ಇಲ್ಲ ಅಕ್ಕಾ! ಅವ್ರೇ ಮಾಡ್ಕೊಂಡವ್ರೆ!" ಅಂದಾಗ ಅವಳ ದನಿ ಎಷ್ಟು ಏರಿತ್ತೆಂದರೆ ಪಕ್ಕದ ಸಾಲಿನವರೆಲ್ಲ ತಿರುಗಿದರು. ಒಬ್ಬರೇ ಕೇಳಬಾರದು, ಒಟ್ಟಿಗೆ ಕೇಳಬೇಕು ಅಂತಲೂ ಅದರಲ್ಲಿ ಬರೆದಿತ್ತು. ಅವಳ ಸಾಲಿನಲ್ಲೇ ಶರ್ಟಿನ ತೋಳಿಗೆ ಕಫ್ ಹೊಲಿಯುವ ಅಂಬಿಕ ನಮ್ಮ ಬೋಗಿಯಲ್ಲೇ ಬರುತ್ತಿದ್ದಳು. ಇಬ್ಬರೂ ಸೇರಿ ಸಾಲಿನವರನ್ನೆಲ್ಲ ಒಪ್ಪಿಸಿದರು. ಮ್ಯಾನೇಜರ್ ರೌಂಡಿಗೆ ಬಂದಾಗ ಶಶಿರೇಖ ಎದ್ದು ಕೇಳುವುದು, ಕೇಳಿದ ಕೂಡಲೇ ಎಲ್ಲರೂ ಮಿಷಿನ್ ನಿಲ್ಲಿಸಿ ಏಳುವುದು.

ಆಗ ಅಕ್ಕನ ಮುಖದಲ್ಲಿ ಗಾಬರಿ ಕಂಡಿತು. "ಸ್ವಲ್ಪ ನಿಧಾನ ಮಾಡು ಮಾ. ಅದರ ಮುಂದಿನ್ ಭಾಗಾನೂ ಓದು, ಸೋತ ಸ್ಟ್ರೈಕುಗಳ್ದೂ ಅದೆ," ಅಂದಳು.

"ಓದ್ದೆ ಅಕ್ಕಾ. ಗೆದ್ದಿದ್ದೂ ಅದೆ," ಅಂದಳು ಶಶಿರೇಖ. ವೈಟ್‌ಫೀಲ್ಡ್ ಬಂತು, ಇಳಿದು ಹೋದಳು.

ಆದದ್ದನ್ನು ಅಂಬಿಕ ಮಾರನೆಯ ದಿನ ಹೇಳಿದಳು. ಕೂರಲಿಲ್ಲ, ಬಾಗಿಲ ಹತ್ತಿರ ನಿಂತೇ ಹೇಳಿದಳು.

"ಎದ್ದಳು ಅಕ್ಕಾ. ಎದ್ದು ನೆಟ್ಟಗೆ ಕೇಳಿದ್ಳು. ಟೋಕನ್ ಯಾವ ಕಾನೂನಲ್ಲಿ ಐತೆ ಸಾರ್ ಅಂತ. ಆವಯ್ಯ ಅವಳನ್ನ ನೋಡ್ಲೇ ಇಲ್ಲ, ನಮ್ಮನ್ನ ನೋಡ್ದ. ಬೇರೆ ಯಾರಿಗಾದ್ರೂ ತೊಂದ್ರೆ ಐತಾ ಅಂದ. ನನ್ ಕಾಲು ಏಳ್ಲೇ ಇಲ್ಲ ಅಕ್ಕಾ. ಮಿಷಿನ್ ನಿಲ್ಸೋಣ ಅಂತ ಇದ್ದೆ, ಕಾಲು ಅಂಗೇ ಪೆಡಲ್ ತುಳೀತಾ ಇತ್ತು."

ಯಾರೂ ಎದ್ದಿರಲಿಲ್ಲ. ಆ ಸಂಜೆ ಗೇಟಿನಲ್ಲಿ ಶಶಿರೇಖಳ ಕಾರ್ಡು ಇಸಿದುಕೊಂಡು, ನಾಳೆಯಿಂದ ಬರಬೇಡ ಅಂದರು.

ನಾವು ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. ಅಕ್ಕ ಒಂದು ದಿನ ರಜೆ ಹಾಕಿ ಶಶಿರೇಖಳನ್ನು ಕರೆದುಕೊಂಡು ಕಾರ್ಮಿಕ ಕಚೇರಿಗೆ ಹೋದಳು. ಸಾಕ್ಷಿ ಯಾರು ಅಂತ ಕೇಳಿದರು. ಅಂಬಿಕ ಅತ್ತಳು, ಬರುವುದಿಲ್ಲ ಅಂದಳು. ಪುಸ್ತಕ ಬರೆದ ವಕೀಲರನ್ನು ಹುಡುಕಿದೆವು, ಅವರು ತೀರಿಹೋಗಿ ಬಹಳ ಕಾಲವಾಗಿತ್ತು. ನಮ್ಮ ಅಂಗಡಿಯಲ್ಲಿ ಜಾಗ ಇದೆಯಾ ಅಂತ ನಾನು ಓನರ್‌ನ ಕೇಳಿದೆ. ಇಂಗ್ಲಿಷ್ ಬರುವ ಹುಡುಗಿ ಇದ್ದರೆ ಹೇಳು ಅಂದರು. ಬೇರೆ ಗಾರ್ಮೆಂಟ್ಸ್‌ಗಳಲ್ಲಿ ಹಳೆಯ ಫ್ಯಾಕ್ಟರಿಗೆ ಫೋನ್ ಮಾಡಿ ವಿಚಾರಿಸಿ, ಆಮೇಲೆ ಹೇಳುತ್ತೇವೆ ಅಂದು ಕಳಿಸುತ್ತಿದ್ದರು. ಬಾಲಾಜಿ ಸ್ಟೇಷನ್ನಿಗೇ ಬಂದು, "ರೈಲಲ್ಲಿ ಬುಕ್ ಓದ್ಸಿ ನನ್ ಎಂಡ್ರ ಕೆಲ್ಸ ಕಳುದ್ರಲ್ಲಮ್ಮಾ," ಅಂತ ಅಕ್ಕನನ್ನು ಕೇಳಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಅಕ್ಕ ತಿರುಗಿ ಬಯ್ಯಬಹುದಿತ್ತು.

ಎಷ್ಟೋ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಶಶಿರೇಖ ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಕಂಡಳು. ಕೈಯಲ್ಲಿ ಊಟದ ಬ್ಯಾಗು ಇರಲಿಲ್ಲ, ಕಂದು ರಟ್ಟಿನ ಪುಸ್ತಕ ಇತ್ತು. ನಾನು ಗಾಡಿ ಹತ್ತಿದೆ, ಅವಳು ಹತ್ತಲಿಲ್ಲ. ಅಕ್ಕನ ಕಿಟಕಿಯ ಹತ್ತಿರ ಬಂದು ಸರಳುಗಳ ಸಂದಿಯಲ್ಲಿ ಪುಸ್ತಕ ತೂರಿಸಲು ನೋಡಿದಳು, ದಪ್ಪಕ್ಕೆ ಹಿಡಿಯಲಿಲ್ಲ. ನಾನು ಬಾಗಿಲಿಗೆ ಹೋಗಿ ಇಸಿದುಕೊಂಡೆ.

"ಮುಗೀತಕ್ಕಾ. ಪೂರ್ತಿ ಓದ್ದೆ," ಅಂದಳು ಅಕ್ಕನಿಗೆ, ಕಿಟಕಿಯಾಚೆಯಿಂದ. ನಂತರ, "ಒಂದ್ ಮಾತು ಕೇಳ್ಬೇಕು. ನನ್ ಕೈಲಾಗ್ತದೆ ಅಂತಾನೇ ಅಲ್ವಾ ನೀನು ಆವತ್ತು ಇದನ್ನ ನನ್ ಸೀಟಿಗೆ ಇಟ್ಟಿದ್ದು?"

ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನು ಮಾಡುತ್ತಿದ್ದೆನೋ. ಆವತ್ತು ಅದು ಜಗಳದಲ್ಲಿ ಮರೆತು ಉಳಿದದ್ದು ಅಂತ ನಮ್ಮಿಬ್ಬರನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಇಲ್ಲ ಅಂದರೆ ಶಶಿರೇಖಳ ಹತ್ತಿರ ಉಳಿದಿದ್ದ ಒಂದೇ ಸಮಾಧಾನ ಹೋಗುತ್ತದೆ. ಹೌದು ಅಂದರೆ ಆದದ್ದೆಲ್ಲ ಅಕ್ಕನ ತಲೆಗೆ ಬರುತ್ತದೆ.

"ಹೂಂ ಮಾ. ಅದಕ್ಕೇ ಇಟ್ಟಿದ್ದು," ಅಂದಳು ಅಕ್ಕ.

ಶಶಿರೇಖಳ ಮುಖ ಬೆಳಗಿತು. "ನಂಗೊತ್ತಿತ್ತು. ನೀನು ಸುಮ್ ಸುಮ್ನೆ ಯಾರಿಗೂ ಯಾವ್ದೂ ಕೊಡಲ್ಲ," ಅಂದಳು. ಸಿಗ್ನಲ್ ಬಿತ್ತು. ಅವಳು ಅವಸರದಲ್ಲಿ ಸರಳು ಹಿಡಿದುಕೊಂಡಳು. "ನೀನಿದನ್ನ ಓದಿ ಎಷ್ಟ್ ವರ್ಷ ಆಯ್ತಕ್ಕಾ?"

"ಬೋ ವರ್ಷ ಆಯ್ತು. ಅಪ್ಪ ಇದ್ದಾಗ."

"ಓದಿದ್ ಮೇಲೆ ನೀನೇನ್ ಮಾಡ್ದೆ?"

ಅದರಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಮುಂದೆ ಏನು ಮಾಡಬೇಕು ಅಂತ ಕೇಳಲು ಅವಳಿಗೆ ಇದ್ದದ್ದು ಅಕ್ಕ ಒಬ್ಬಳೇ. ಅಕ್ಕ ಸೆರಗಿನಲ್ಲಿ ಬೆರಳು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಗಾಡಿ ಅಲುಗಿತು.

"ಇನ್ನೊಂದ್ ಬುಕ್ ಓದ್ದೆ ಮಾ," ಅಂದಳು.

ಶಶಿರೇಖ ಗಾಡಿಯ ಜೊತೆ ಎರಡು ಹೆಜ್ಜೆ ಬಂದಳು. "ಯಾವ್ದು? ನಂಗೂ ಕೊಡು!" ಅಂತ ಕೂಗಿದಳು. ಅಕ್ಕನ ಕೈ ಚೀಲದೊಳಗೆ ಹೋಯಿತು. ಎರಡು ಪುಸ್ತಕ ಹಿಡಿದುಕೊಂಡಿತು, ಎರಡನ್ನೂ ಬಿಟ್ಟಿತು. ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಅವಳ ಕೈ ಚೀಲದಲ್ಲೇ ಇತ್ತು, ಖಾಲಿ.

ಫ್ಯಾಕ್ಟರಿಯಲ್ಲಿ ಈಗ ಸಾಲಿಗೆ ಎರಡು ಟೋಕನ್ ಮಾಡಿದ್ದಾರೆ. ಅಂಬಿಕ ಹೇಳಿದಳು. ಹೇಳಿ, ಇದು ಸಂತೋಷದ ಸುದ್ದಿಯಾ ಅಲ್ಲವಾ ಅಂತ ನಮ್ಮ ಮುಖ ನೋಡಿದಳು. ನಮಗೂ ಗೊತ್ತಾಗಲಿಲ್ಲ. ಶಶಿರೇಖ ಕ್ಯಾಸಂಬಳ್ಳಿ ಕಡೆ ಟೊಮೆಟೊ ಬಿಡಿಸಲು ಕೂಲಿಗೆ ಹೋಗುತ್ತಿದ್ದಾಳೆ ಅಂತ ಸುದ್ದಿ. ಮಗಳೂ ಭಾನುವಾರಗಳಲ್ಲಿ ಹೋಗುತ್ತಾಳಂತೆ. ಅಕ್ಕ ಕಾದಂಬರಿಗಳನ್ನು ಕಟ್ಟಿ ಯಾರದೋ ಕೈಲಿ ಅವಳ ಮನೆಗೆ ಕಳಿಸಿದಳು. ಬಾಲಾಜಿ ಬಾಗಿಲಿನಲ್ಲೇ ಬೇಡ ಅಂದನಂತೆ.

ಇಂದ್ರಾಣಿ ಅಕ್ಕ ಈಗ ಸೀಟಿಗೆ ಟವೆಲ್ ಹಾಕುತ್ತಾಳೆ. ಟವೆಲ್ಲಿಗೆ ಯಾರೂ ಬೆಲೆ ಕೊಡುವುದಿಲ್ಲ, ಎರಡು ಸೀಟು ಆಗಲೇ ಕೈಬಿಟ್ಟಿವೆ. ಚೀಲ ಮಾತ್ರ ದಿನವೂ ತರುತ್ತಾಳೆ. ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿರುತ್ತಾಳೆ. ಹುಡುಗಿಯರೆಲ್ಲ ನೆಮ್ಮದಿಯಾಗಿ ಮೊಬೈಲ್ ನೋಡುತ್ತಾರೆ. ಅವಳ ಗತ್ತು ಇಳಿಯಲಿ ಅಂತ ಎಷ್ಟು ಸಲ ಬಯಸಿದ್ದೆ. ಇಳಿದದ್ದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ಮೊನ್ನೆ ನಾನೇ ಕೇಳಿದೆ. "ಅಕ್ಕಾ, ಏನಾದ್ರೂ ಕೊಡು. ಬೇಜಾರಾಗ್ತದೆ."

ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ದಿನಾ ನಿಂತು ನಿಂತು ಊದಿಕೊಂಡ ಪಾದ, ಚಪ್ಪಲಿಯ ಪಟ್ಟಿ ಕಚ್ಚಿದ ಗುರುತು. ಆಮೇಲೆ ಚೀಲದಿಂದ ಎರಡು ಪುಸ್ತಕ ತೆಗೆದು ಎರಡೂ ಕೈಯಲ್ಲಿ ಹಿಡಿದಳು. ಒಂದು ಹೊಸ ಕಾದಂಬರಿ. ಇನ್ನೊಂದು ಕಂದು ರಟ್ಟಿನದು.

"ನಾನ್ ಆರ್ಸಲ್ಲ ಮಾ. ಯಾವ್ದು ಬೇಕೋ ನೀನೇ ಎತ್ಕೋ," ಅಂದಳು.

ಅಂಗಡಿಯ ಗಿರಾಕಿಗಳ ಬ್ಯಾಗಿಗೆ ಕೊಡುವ ಸ್ಟೂಲು ನನ್ನ ಕಣ್ಣ ಮುಂದೆ ಬಂತು. ಓನರ್ ಮುಖ ಬಂತು. ಬೂದಿಕೋಟೆಯಲ್ಲಿ ಡೇರಿಗೆ ಹಾಲು ಹಾಕಿ ನನ್ನ ಸಂಬಳದ ದಿನ ಕಾಯುವ ಅಮ್ಮ ಬಂದಳು. ನನ್ನ ಕೈ ಹೋಗಿ ಕಾದಂಬರಿ ತೆಗೆದುಕೊಂಡಿತು.

ಅಕ್ಕ ಇನ್ನೊಂದನ್ನು ಚೀಲಕ್ಕೆ ಹಾಕಿದಳು. ಕತೆ ಚೆನ್ನಾಗಿಯೇ ಇತ್ತು. ಕಂಟೋನ್ಮೆಂಟಿನಲ್ಲಿ ಅವಳು ಇಳಿದು ಹೋಗುವವರೆಗೂ ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ.